ಇಪ್ಪತ್ತು ಗುಂಟೆ ಪಾರ್ಕು ಮತ್ತು ಸಹಿಯಾಗದೆ ಉಳಿದ ಪತ್ರ: ದಾವಣಗೆರೆಯ ಒಂದು ಪ್ರಕರಣ

ದಾವಣಗೆರೆಯ ಒಂದು ಬಡಾವಣೆಯಲ್ಲಿ ಪಾರ್ಕಿಗೆ ಅಂತ ಬಿಟ್ಟಿದ್ದ ಸುಮಾರು 20 ಗುಂಟೆ ಜಾಗ ಕೈತಪ್ಪುವ ಹಂತಕ್ಕೆ ಬಂದಿತ್ತು. ಅದು ಹೇಗೆ ಹೋಗುತ್ತಿತ್ತು, ಹೇಗೆ ಉಳಿಯಿತು, ಇನ್ನೂ ಏನು ಬಾಕಿ ಇದೆ ಅನ್ನೋದನ್ನು ಇಲ್ಲಿ ಪೂರ್ತಿ ಬರೆದಿದ್ದೇನೆ. ನಾನು ಅದೇ ಬಡಾವಣೆಯವನು. ಒಂದು ವಿಚಾರಣೆ ಇನ್ನೂ ನಡೆಯುತ್ತಿದೆ. ಹಾಗಾಗಿ ಬಡಾವಣೆಯ ಹೆಸರನ್ನೂ ಜನರ ಹೆಸರನ್ನೂ ಬರೆಯುತ್ತಿಲ್ಲ.

ಬೇಲಿ ಇಲ್ಲದ್ದರಿಂದ ಪಾರ್ಕಿನ ಜಾಗ ಒತ್ತುವರಿ ಆಗುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ನಮ್ಮಲ್ಲಿ ಇಲ್ಲದೆ ಹೋದದ್ದು ಒಂದು ಕಾಗದ. ಬಡಾವಣೆ ಮಾಡಿದವರು ಪಾರ್ಕಿನ ಜಾಗವನ್ನು ನಗರಸಭೆಯ ಹೆಸರಿಗೆ ನೋಂದಣಿ ಮಾಡಿಸಿ ಬಿಟ್ಟುಕೊಟ್ಟಿರಲಿಲ್ಲ. ಉಳಿದ ತೊಂದರೆಗಳೆಲ್ಲ ಶುರುವಾಗಿದ್ದು ಅಲ್ಲಿಂದ.

ಜಾಗ ಯಾರದು?

ಬಡಾವಣೆ ಎದ್ದದ್ದು 1990ರ ದಶಕದಲ್ಲಿ. ಆಗ ದಾವಣಗೆರೆ ಇನ್ನೂ ಚಿತ್ರದುರ್ಗ ಜಿಲ್ಲೆಯ ತಾಲ್ಲೂಕು. 1997ರ ಆಗಸ್ಟ್ 15ಕ್ಕೆ ಜಿಲ್ಲೆ ಆಯಿತು. ಜಿಲ್ಲೆ ಆಗುವ ಮುಂಚೆಯೇ ಕಾಲೇಜು, ಆಸ್ಪತ್ರೆ, ವ್ಯಾಪಾರ ಅಂತ ಊರು ಬೆಳೆಯುತ್ತಿತ್ತು. ಆದ ಮೇಲೆ ಅಂಚಿನ ಹೊಲಗಳೆಲ್ಲ ಸೈಟುಗಳಾದವು. ನಮ್ಮ ಬಡಾವಣೆಯನ್ನು ಮಾಡಿದ್ದು ಒಂದು ಗೃಹ ನಿರ್ಮಾಣ ಸಹಕಾರ ಸಂಘ. ಒಂದು ಸರ್ವೆ ನಂಬರಿನ ಹೊಲ ಕೊಂಡರು, ಭೂಪರಿವರ್ತನೆ ಮಾಡಿಸಿದರು, ನಕ್ಷೆ ಮಂಜೂರು ಮಾಡಿಸಿಕೊಂಡರು.

ನಕ್ಷೆ ಮಂಜೂರಾಗುವಾಗ ಒಂದು ಷರತ್ತು ಇರುತ್ತದೆ. ರಸ್ತೆ, ಚರಂಡಿ, ಪಾರ್ಕು ಇವನ್ನೆಲ್ಲ ಸ್ಥಳೀಯ ಸಂಸ್ಥೆಗೆ ದುಡ್ಡು ತೆಗೆದುಕೊಳ್ಳದೆ ಬಿಟ್ಟುಕೊಡಬೇಕು. 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ ಕೆಳಗೆ ಬರುವ ಷರತ್ತು ಇದು. ಸಂಘದವರು ಸೈಟು ಹಂಚಿದರು, ರಿಜಿಸ್ಟರ್ ಮಾಡಿಕೊಟ್ಟರು. ಪಾರ್ಕಿನ ಪತ್ರ ಮಾತ್ರ ಮಾಡಿಕೊಡಲಿಲ್ಲ. ಕೆಲವು ವರ್ಷ ಕಳೆದ ಮೇಲೆ ಸಂಘದ ಕಚೇರಿಯೇ ಮುಚ್ಚಿತು.

ರಸ್ತೆಗೆ ಈ ತೊಂದರೆ ಬರಲಿಲ್ಲ. ಜನ ಓಡಾಡುತ್ತಾರೆ, ಕೆಸರಾದರೆ ಕೂಗಾಡುತ್ತಾರೆ, ಆಗ ಡಾಂಬರು ಬೀಳುತ್ತದೆ. ಲೈಟು ಕಂಬ ಬಂತು, ನಲ್ಲಿ ಬಂತು. ಪಾರ್ಕಿನ ಜಾಗವನ್ನು ಕೇಳುವವರು ಇರಲಿಲ್ಲ. ಅಲ್ಲಿ ಬಳ್ಳಾರಿ ಜಾಲಿ ಬೆಳೆಯಿತು, ಮಳೆ ಬಿದ್ದಾಗ ಪಾರ್ಥೇನಿಯಂ ಎದೆಮಟ್ಟ ಎದ್ದಿತು. ಮನೆ ಕಟ್ಟುವವರು ಒಡೆದ ಇಟ್ಟಿಗೆ ತಂದು ಸುರಿದರು. 2007ರಲ್ಲಿ ನಗರಸಭೆ ಮಹಾನಗರ ಪಾಲಿಕೆ ಆಯಿತು. ಹಸ್ತಾಂತರವೇ ಆಗದ ಜಾಗ ಪಾಲಿಕೆಯ ಆಸ್ತಿ ಪುಸ್ತಕಕ್ಕೆ ಬರೋದಾದರೂ ಹೇಗೆ?

ಹೀಗೆ ಒಂದೇ ಜಾಗಕ್ಕೆ ಮೂರು ರೂಪ. ನಕ್ಷೆಯಲ್ಲಿ ಪಾರ್ಕು. ಪಹಣಿಯಲ್ಲಿ ಸಂಘದ ಹೆಸರು. ಪಾಲಿಕೆ ಪುಸ್ತಕದಲ್ಲಿ ಏನೂ ಇಲ್ಲ.

ಹೊಣೆ ಯಾರದು ಅನ್ನುವುದರಲ್ಲಿ ಕಾನೂನಿಗೆ ಗೊಂದಲ ಇಲ್ಲ. ಸಂವಿಧಾನದ 74ನೇ ತಿದ್ದುಪಡಿ ತಂದ ಹನ್ನೆರಡನೇ ಅನುಸೂಚಿಯಲ್ಲಿ 18 ವಿಷಯಗಳಿವೆ. ಅದರಲ್ಲಿ 12ನೆಯದೇ ಪಾರ್ಕು, ತೋಟ, ಆಟದ ಮೈದಾನಗಳಂಥ ಸೌಕರ್ಯ. ಇದು ನಗರ ಸ್ಥಳೀಯ ಸಂಸ್ಥೆಯ ಕೆಲಸ. ಬಡಾವಣೆಯ ನಕ್ಷೆ ನೋಡಿಕೊಳ್ಳುವುದು ನಗರಾಭಿವೃದ್ಧಿ ಪ್ರಾಧಿಕಾರ, ನಮ್ಮೂರವರ ಬಾಯಲ್ಲಿ ದೂಡಾ. ನೋಡಿಕೊಂಡು ಹೋಗುವುದು ಪಾಲಿಕೆ. ಈ ಎರಡರ ನಡುವೆ ಜಾಗ ಕೈ ಬದಲಾಯಿಸಬೇಕು. ಅದನ್ನು ಮಾಡಿಸಬೇಕಿದ್ದ ಮೂರನೆಯವರು ಬಾಗಿಲು ಹಾಕಿಕೊಂಡು ಹೋದರೆ ಜಾಗ ನಡುವೆಯೇ ನಿಂತುಬಿಡುತ್ತದೆ.

ಎರಡು ಕಡೆಯಿಂದ ಕುತ್ತು

ಪೂರ್ವಕ್ಕೆ ಇದ್ದ ಮನೆಯವರ ಕಾಂಪೌಂಡು ಪಾರ್ಕಿನೊಳಗೆ ಬಂದಿತ್ತು. ಜಾಲಿ ಪೊದೆಯ ಹಿಂದೆ ಗೋಡೆ ಎಲ್ಲಿ ನಿಂತಿದೆ ಅಂತ ಯಾರೂ ನೋಡಿರಲಿಲ್ಲ. ಇದು ಚಿಕ್ಕದು.

ದೊಡ್ಡದು ಸಮುದಾಯ ಭವನ. ಬಡಾವಣೆಯ ಒಂದು ಸಂಘದವರು ಈ ಖಾಲಿ ಜಾಗದಲ್ಲಿ 40 ಅಡಿಗೆ 60 ಅಡಿಯ ಭವನ ಕಟ್ಟಲು ಅನುಮತಿ ಮತ್ತು ಅನುದಾನ ಕೇಳಿ ಅರ್ಜಿ ಹಾಕಿದರು. ಅರ್ಜಿಯಲ್ಲಿ ಪಾರ್ಕು ಅಂತ ಇರಲಿಲ್ಲ. ‘ಖಾಲಿ ಸರ್ಕಾರಿ ಜಾಗ’ ಅಂತ ಇತ್ತು. ಅವರನ್ನು ಕೆಟ್ಟವರು ಅಂತ ನಾನು ಹೇಳುವುದಿಲ್ಲ. ನಾಮಕರಣ, ಸೀಮಂತ, ತಿಥಿ ಅಂತ ಸಣ್ಣ ಕಾರ್ಯಕ್ಕೂ ಕಲ್ಯಾಣ ಮಂಟಪದ ಬಾಡಿಗೆ ಕೊಡುವ ಶಕ್ತಿ ಎಲ್ಲರಿಗೂ ಇಲ್ಲ. ಅವರು ಕೇಳಿದ್ದು ನಿಜವಾದ ಅಗತ್ಯ. ಕೇಳಿದ ಜಾಗ ಮಾತ್ರ ತಪ್ಪು.

ಬಡಾವಣೆ ಎರಡಾಯಿತು. ಬೇವಿನ ಮರದ ಕೆಳಗೆ ನಡೆದ ಸಭೆಯಲ್ಲಿ ಒಬ್ಬರು ಎದ್ದು ನಿಂತು ಹೇಳಿದರು: “ಪಾರ್ಕು ಪಾರ್ಕು ಅಂತೀರಲ್ರಿ, ಅಲ್ಲಿಗೆ ಯಾರು ಹೋಗ್ತಾರ? ಹಾವು ಹೋಗ್ತಾವು ಅಷ್ಟ.” ಆ ಮಾತಿಗೆ ಚಪ್ಪಾಳೆ ಬಿತ್ತು. ಅವರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಇಷ್ಟು ವರ್ಷ ಆ ಜಾಗದಲ್ಲಿ ಒಂದು ಮಗುವೂ ಆಡಿರಲಿಲ್ಲ. ನೋಡಿಕೊಳ್ಳದೆ ಬಿಟ್ಟ ಪಾರ್ಕಿನ ಪರವಾಗಿ ಮಾತಾಡುವುದು ಬಹಳ ಕಷ್ಟ. ಪಾರ್ಕು ಹಾಳಾಗಲು ಬಿಟ್ಟು, ಹಾಳಾಗಿದೆ ಅನ್ನುವುದನ್ನೇ ಕಾರಣ ಮಾಡಿ ಬೇರೆಯದಕ್ಕೆ ಕೊಡುವುದು ಎಲ್ಲ ಊರುಗಳಲ್ಲೂ ನಡೆಯುತ್ತದೆ.

ನಕ್ಷೆ ಸಿಕ್ಕಿತು

ಜಗಳ ಆಡಿ ಪ್ರಯೋಜನ ಇಲ್ಲ, ದಾಖಲೆ ತರೋಣ ಅಂತ ಕೆಲವರು ಸೇರಿ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದೆವು. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ಅದೂ 150 ಪದದ ಒಳಗೆ. ಹಾಗಾಗಿ ಬೇರೆ ಬೇರೆ ಅರ್ಜಿ ಬರೆದೆವು. ಮಂಜೂರಾದ ನಕ್ಷೆಯ ದೃಢೀಕೃತ ಪ್ರತಿ ಒಂದರಲ್ಲಿ. ಮಂಜೂರಾತಿ ಆದೇಶ ಮತ್ತು ಷರತ್ತು ಇನ್ನೊಂದರಲ್ಲಿ. ಪಾರ್ಕನ್ನು ಬಿಟ್ಟುಕೊಟ್ಟ ನೋಂದಾಯಿತ ಪತ್ರ ಮತ್ತೊಂದರಲ್ಲಿ. ಇಲ್ಲಿ ಒಂದು ವಿಷಯ ಗಮನಿಸಿ. ‘ಯಾಕೆ ಕ್ರಮ ಕೈಗೊಂಡಿಲ್ಲ’ ಅಂತ ಕೇಳಿದರೆ ಉತ್ತರ ಬರುವುದಿಲ್ಲ. ಕಡತದಲ್ಲಿ ಇರುವ ಕಾಗದದ ಪ್ರತಿ ಕೇಳಬೇಕು. ಇಲ್ಲ ಅಂತ ಬರೆದುಕೊಟ್ಟರೆ, ಆ ‘ಇಲ್ಲ’ವೇ ನಿಮಗೊಂದು ದಾಖಲೆ.

ನಕ್ಷೆ ಬಂತು. ಹಳೇ ಅಮೋನಿಯಾ ಪ್ರಿಂಟು, ಗೆರೆಗಳು ನೇರಳೆ ಬಣ್ಣಕ್ಕೆ ತಿರುಗಿದ್ದವು. ಮಡಚಿ ಮಡಚಿ ಇಟ್ಟ ಜಾಗದಲ್ಲಿ ಅಕ್ಷರ ಸವೆದಿತ್ತು. ಮಧ್ಯದಲ್ಲಿ ಹಸಿರು ಪೆನ್ಸಿಲ್ ಉಜ್ಜಿದ ಒಂದು ಚೌಕ. ಒಂದು ಕಡೆ 180 ಅಡಿ, ಇನ್ನೊಂದು ಕಡೆ 120 ಅಡಿ. ಒಟ್ಟು 21,600 ಚದರ ಅಡಿ. ಗುಂಟೆಗೆ 1,089 ಚದರ ಅಡಿ ಲೆಕ್ಕ ಹಿಡಿದರೆ 20 ಗುಂಟೆಗೆ ಚೂರು ಕಮ್ಮಿ. ಚೌಕದ ಒಳಗೆ ‘ಪಾರ್ಕ್’ ಅಂತ ಕೈಬರಹ. ಅದೇ ನಕ್ಷೆಯ ಉತ್ತರ ಮೂಲೆಯಲ್ಲಿ ಇನ್ನೊಂದು ಸಣ್ಣ ಚೌಕ ಇತ್ತು. ಅದರ ಮೇಲೆ ‘ಸಿ.ಎ.’ ಅಂತ ಬರೆದಿತ್ತು. ಆ ಎರಡಕ್ಷರ ಮುಂದೆ ಇಡೀ ಪ್ರಕರಣದ ದಾರಿ ಬದಲಿಸಿತು.

ಬಿಟ್ಟುಕೊಟ್ಟ ಪತ್ರದ ಬಗ್ಗೆ ಬಂದ ಉತ್ತರ ಒಂದೇ ಸಾಲು: ಲಭ್ಯವಿಲ್ಲ. ನಾವು ಉಪ ನೋಂದಣಿ ಕಚೇರಿಯಲ್ಲಿ ಆ ಸರ್ವೆ ನಂಬರಿಗೆ ಋಣಭಾರ ಪತ್ರವನ್ನೂ, ಅಂದರೆ ಆ ಜಾಗದ ಮೇಲೆ ನೋಂದಣಿಯಾದ ವ್ಯವಹಾರಗಳ ಪಟ್ಟಿಯನ್ನೂ, ತೆಗೆಸಿದೆವು. ಸೈಟು ಮಾರಿದ ಪತ್ರಗಳು ಸಾಲಾಗಿ ಇದ್ದವು. ಪಾರ್ಕಿನ ಸುದ್ದಿಯೇ ಇರಲಿಲ್ಲ. ಸದ್ಯ, ಪಾರ್ಕಿನ ಜಾಗವನ್ನು ಯಾರಿಗೂ ಮಾರಿರಲಿಲ್ಲ ಅನ್ನುವುದೂ ಅದರಿಂದಲೇ ಗೊತ್ತಾಯಿತು.

ಕಾಯ್ದೆ ಏನು ಹೇಳುತ್ತದೆ

ಉದ್ಯಾನ, ಆಟದ ಮೈದಾನ, ಬಯಲು ಜಾಗಗಳನ್ನು ಉಳಿಸುವುದಕ್ಕೆ ಅಂತಲೇ ಕರ್ನಾಟಕ 1985ರಲ್ಲಿ ಒಂದು ಕಾಯ್ದೆ ಮಾಡಿದೆ. ಸ್ಥಳೀಯ ಸಂಸ್ಥೆ ತನ್ನ ವ್ಯಾಪ್ತಿಯ ಇಂಥ ಎಲ್ಲ ಜಾಗಗಳ ಪಟ್ಟಿ ಮಾಡಬೇಕು. ಪಟ್ಟಿ ಪ್ರಕಟವಾಗಬೇಕು. ಪಟ್ಟಿಗೆ ಸೇರಿದ ಜಾಗವನ್ನು ಮಾರುವಂತಿಲ್ಲ, ಗುತ್ತಿಗೆಗೆ ಕೊಡುವಂತಿಲ್ಲ, ದಾನ ಮಾಡುವಂತಿಲ್ಲ. ಮಾಡಿದರೂ ಅದು ಊರ್ಜಿತವಲ್ಲ. ಪಾರ್ಕು ಅಂದರೆ ಏನು ಅಂತಲೂ ಕಾಯ್ದೆ ಹೇಳುತ್ತದೆ. ಕಟ್ಟಡ ಇಲ್ಲದ ಜಾಗ, ಇದ್ದರೂ ಇಪ್ಪತ್ತರಲ್ಲಿ ಒಂದು ಪಾಲು ಮೀರದ ಜಾಗ.

ಈ ಲೆಕ್ಕವನ್ನು ನಾವು ಸಭೆಯಲ್ಲಿ ಚೀಟಿ ಮೇಲೆ ಬರೆದು ತೋರಿಸಿದೆವು. 21,600ರಲ್ಲಿ ಇಪ್ಪತ್ತರ ಒಂದು ಪಾಲು 1,080 ಚದರ ಅಡಿ. ಮಾಲಿಗೆ ಒಂದು ಕೋಣೆ, ಪಂಪಿಗೆ ಒಂದು ಕೋಣೆ, ಶೌಚಾಲಯ, ಅಷ್ಟಕ್ಕೆ ಸಾಕು. ಭವನಕ್ಕೆ ಬೇಕಿದ್ದದ್ದು 2,400 ಚದರ ಅಡಿ. ಅದರ ಮೇಲೆ ಅಡುಗೆ ಮನೆ, ಗಾಡಿ ನಿಲ್ಲಿಸಲು ಜಾಗ, ಕೈ ತೊಳೆಯಲು ಜಾಗ. ಭವನ ಬಂದರೆ ಪಾರ್ಕು ಅದರ ಹಿತ್ತಲಾಗುತ್ತಿತ್ತು.

ಸಭೆಯಲ್ಲಿ ಒಬ್ಬ ಯುವಕ ಕೇಳಿದ ಪ್ರಶ್ನೆ ಚೆನ್ನಾಗಿತ್ತು. ಒಳ್ಳೆ ಕೆಲಸಕ್ಕೆ ಕೊಟ್ಟರೂ ತಪ್ಪಾ? ಇದಕ್ಕೆ ನಮ್ಮ ರಾಜ್ಯದ್ದೇ ಒಂದು ತೀರ್ಪು ಇದೆ. ಬೆಂಗಳೂರಿನ ಸದಾಶಿವನಗರದ ಕಡೆ ಪಾರ್ಕಿಗೆ ಮೀಸಲಿಟ್ಟ ಜಾಗವನ್ನು ಆಸ್ಪತ್ರೆ ಕಟ್ಟಲು ಬೆಂಗಳೂರು ಮೆಡಿಕಲ್ ಟ್ರಸ್ಟಿಗೆ ಹಂಚಿದ್ದರು. ಬಿ.ಎಸ್. ಮುದ್ದಪ್ಪ ಮತ್ತು ಇತರ ನಿವಾಸಿಗಳು ಹೈಕೋರ್ಟಿಗೆ ಹೋದರು. ವಿಭಾಗೀಯ ಪೀಠ ಹಂಚಿಕೆಯನ್ನು ರದ್ದು ಮಾಡಿತು. 1991ರಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಆಸ್ಪತ್ರೆಯೂ ಬೇಕಾದದ್ದೇ. ಆದರೆ ಎಲ್ಲರ ಉಸಿರಾಟಕ್ಕೆ ಅಂತ ಬಿಟ್ಟ ಜಾಗದ ಬದಲಿಗೆ ಖಾಸಗಿ ಆಸ್ಪತ್ರೆ ಬರುವಂತಿಲ್ಲ ಅನ್ನುವುದು ತೀರ್ಪಿನ ತಿರುಳು. ಅಕ್ಕಪಕ್ಕದ ನಿವಾಸಿಗಳಿಗೆ ಇದನ್ನು ಪ್ರಶ್ನಿಸುವ ಹಕ್ಕು ಇದೆ ಅಂತಲೂ ಕೋರ್ಟ್ ಒಪ್ಪಿತು. ನಮ್ಮಂಥವರು ಧೈರ್ಯವಾಗಿ ಅರ್ಜಿ ಹಾಕಲು ಆಗುವುದು ಈ ಎರಡನೇ ಮಾತಿನಿಂದ.

ಇಷ್ಟಾದರೂ ನಮ್ಮ ಕೈಯಲ್ಲಿ ಪೂರ್ತಿ ಬಲ ಇರಲಿಲ್ಲ. 1985ರ ಕಾಯ್ದೆಯ ರಕ್ಷಣೆ ಸಿಗಬೇಕಾದರೆ ಜಾಗ ಪಟ್ಟಿಯಲ್ಲಿ ಇರಬೇಕು. ಪಟ್ಟಿಗೆ ಬರಬೇಕಾದರೆ ಪಾಲಿಕೆಯ ಆಸ್ತಿ ಅಂತ ಆಗಬೇಕು. ಆಸ್ತಿ ಆಗಬೇಕಾದರೆ ಬಿಟ್ಟುಕೊಟ್ಟ ಪತ್ರ ಬೇಕು. ಮತ್ತೆ ಅದೇ ಕಾಗದ.

ಸಿ.ಎ. ಸೈಟು

ನಕ್ಷೆಯ ಉತ್ತರ ಮೂಲೆಯಲ್ಲಿದ್ದದ್ದು ನಾಗರಿಕ ಸೌಲಭ್ಯದ ನಿವೇಶನ. ಶಾಲೆ, ಆರೋಗ್ಯ ಕೇಂದ್ರ, ಸಮುದಾಯ ಭವನ ಇಂಥವಕ್ಕೆ ಅಂತಲೇ ಇದನ್ನು ಬಿಟ್ಟಿರುತ್ತಾರೆ. ಪ್ರಾಧಿಕಾರ ಇದನ್ನು ನಿಯಮದ ಪ್ರಕಾರ ಗುತ್ತಿಗೆಗೆ ಕೊಡಬಹುದು. ಪಾರ್ಕಿಗೂ ಸಿ.ಎ. ಸೈಟಿಗೂ ಇರುವ ವ್ಯತ್ಯಾಸ ಜಾಸ್ತಿ ಜನರಿಗೆ ಗೊತ್ತಿಲ್ಲ. ಎರಡನ್ನೂ ಸೇರಿಸಿ ‘ಸರ್ಕಾರಿ ಜಾಗ’ ಅಂದುಬಿಡುತ್ತಾರೆ. ಅರ್ಧ ಜಗಳ ಹುಟ್ಟುವುದೇ ಈ ಮಾತಿನಲ್ಲಿ.

ಭವನ ಕೇಳಿದ್ದ ಸಂಘದ ಹಿರಿಯರ ಮನೆಗೆ ನಕ್ಷೆ ತೆಗೆದುಕೊಂಡು ಹೋದೆವು. ಅವರು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. ಆಮೇಲೆ ಕೇಳಿದರು: “ಹಂಗಾದ್ರ ಈ ಸಿ.ಎ. ಸೈಟಿಗೆ ನಾವು ಅರ್ಜಿ ಹಾಕಿದ್ರ, ನೀವೂ ಸಹಿ ಹಾಕ್ತೀರೇನ್ರಿ?” ಹಾಕುತ್ತೇವೆ ಯಜಮಾನ್ರೇ ಅಂದೆವು. ಹಾಕಿದೆವು ಕೂಡ. ಪಾರ್ಕಿನ ಅರ್ಜಿಗೆ ಅವರ ಸಂಘದವರೂ ಸಹಿ ಹಾಕಿದರು. ನನ್ನ ಪ್ರಕಾರ ಪ್ರಕರಣ ಗೆದ್ದದ್ದು ಆ ಜಗಲಿ ಮೇಲೆ. ಎರಡು ಗುಂಪಾಗಿ ಹೋಗಿದ್ದರೆ ಅಧಿಕಾರಿಗಳು ‘ಮೊದಲು ನೀವು ನೀವು ಒಂದಾಗಿ ಬನ್ನಿ’ ಅಂತ ವಾಪಸ್ ಕಳಿಸುತ್ತಿದ್ದರು. ಅದರಲ್ಲಿ ಅವರ ತಪ್ಪೂ ಇರುತ್ತಿರಲಿಲ್ಲ.

ಸಹಿ ಹಾಕುವವರು ಯಾರು?

ಬಡಾವಣೆ ಮಾಡಿದ ಸಹಕಾರ ಸಂಘ ಮುಚ್ಚಿದೆ. ಅಧ್ಯಕ್ಷರು ತೀರಿಕೊಂಡಿದ್ದಾರೆ. ಕಾರ್ಯದರ್ಶಿ ಊರು ಬಿಟ್ಟಿದ್ದಾರೆ. ಹಾಗಾದರೆ ಪತ್ರಕ್ಕೆ ಸಹಿ ಹಾಕುವವರು ಯಾರು? ಇಲ್ಲೇ ಬಹಳಷ್ಟು ಬಡಾವಣೆಗಳ ಪಾರ್ಕುಗಳು ನಿಂತುಹೋಗುತ್ತವೆ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಸಹಕಾರ ಸಂಘ ಬಾಗಿಲು ಹಾಕಿದ ಮಾತ್ರಕ್ಕೆ ಇಲ್ಲವಾಗುವುದಿಲ್ಲ. 1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆಯಲ್ಲಿ ಸಂಘವನ್ನು ಮುಚ್ಚುವುದಕ್ಕೆ ಕ್ರಮ ಇದೆ. ಅದನ್ನು ಸಮಾಪನೆ ಅನ್ನುತ್ತಾರೆ. ಆಗ ಸಹಕಾರ ಇಲಾಖೆ ಒಬ್ಬ ಸಮಾಪನಾಧಿಕಾರಿಯನ್ನು ನೇಮಿಸುತ್ತದೆ. ಸಂಘದ ಆಸ್ತಿ, ಸಾಲ, ಬಾಕಿ ಎಲ್ಲ ಅವರ ಕೈಗೆ ಬರುತ್ತದೆ. ನಮ್ಮ ಸಂಘ ಸಮಾಪನೆಗೆ ಹೋಗಿತ್ತು, ಆದರೆ ಕಡತ ಮುಗಿದಿರಲಿಲ್ಲ. ಇದು ನಮ್ಮ ಅದೃಷ್ಟ. ಕಡತ ಮುಗಿದಿದ್ದರೆ ದಾರಿ ಇನ್ನೂ ಉದ್ದ ಆಗುತ್ತಿತ್ತು.

ನಾವು ಸಮಾಪನಾಧಿಕಾರಿಗೆ ಕೊಟ್ಟ ಮನವಿಯಲ್ಲಿ ದೂರು ಇರಲಿಲ್ಲ. ಮಂಜೂರಾತಿ ಆದೇಶದ ಷರತ್ತು, ನಕ್ಷೆ, ಋಣಭಾರ ಪತ್ರ, ಪಹಣಿ ಇಷ್ಟನ್ನು ಕ್ರಮವಾಗಿ ಜೋಡಿಸಿದ್ದೆವು. ಈ ಜಾಗ ಸಂಘದ ಆಸ್ತಿ ಅಂತ ಲೆಕ್ಕಕ್ಕೆ ಹಿಡಿಯಬಾರದು, ಷರತ್ತಿನಂತೆ ಬಿಟ್ಟುಕೊಡುವುದು ಬಾಕಿ ಉಳಿದಿದೆ ಅಂತ ಕೇಳಿಕೊಂಡೆವು. ಅವರಿಗೆ ಮೊದಲು ಅನುಮಾನ ಇತ್ತು. ಸಂಘಕ್ಕೆ ಸಾಲ ಕೊಟ್ಟವರು ನಾಳೆ ಬಂದು ಆಸ್ತಿ ಯಾಕೆ ಬಿಟ್ಟಿರಿ ಅಂತ ಕೇಳಿದರೆ? ನ್ಯಾಯವಾದ ಅನುಮಾನ. ಅದಕ್ಕೆ ಉತ್ತರ ಮಂಜೂರಾತಿ ಆದೇಶದಲ್ಲೇ ಇತ್ತು. ಈ ಜಾಗ ಮಾರುವ ಹಕ್ಕು ಸಂಘಕ್ಕೆ ಯಾವತ್ತೂ ಇರಲಿಲ್ಲ.

ಕಡತ ಒಂದು ಟೇಬಲ್ಲಿಂದ ಇನ್ನೊಂದಕ್ಕೆ ಹೋಗಲು ಬಹಳ ತಿಂಗಳು ಹಿಡಿಯಿತು. ಬಡಾವಣೆಯ ಇಬ್ಬರು ನಿವೃತ್ತ ನೌಕರರು ಬೇಜಾರಿಲ್ಲದೆ ಅದರ ಹಿಂದೆ ಓಡಾಡಿದರು. ಇಂಥ ಕೆಲಸ ನಡೆಯುವುದು ಅವರಂಥವರಿಂದ. ಕೊನೆಗೆ ಪಾಲಿಕೆಯ ಪರವಾಗಿ ಪತ್ರ ನೋಂದಣಿ ಆಯಿತು. ಅದರ ಮೇಲೆ ಖಾತೆ ಆಯಿತು. ನಕ್ಷೆಯ ಹಸಿರು ಚೌಕ ಮೊದಲ ಸಲ ಪಾಲಿಕೆಯ ಆಸ್ತಿ ಪುಸ್ತಕಕ್ಕೆ ಬಂತು.

ಅಳತೆ

ಖಾತೆ ಆದ ಮೇಲೆ ಅಳತೆ. ಜಾಲಿ ಕಡಿಸಿ ಜಾಗ ಬಯಲು ಮಾಡಿದ ಮೇಲೆ ಸರ್ವೇಯರ್ ಬಂದರು. ನಾಲ್ಕು ಮೂಲೆಯಲ್ಲಿ ಕಲ್ಲು ಸಿಗಬೇಕಿತ್ತು. ಮೂರು ಸಿಕ್ಕವು. ನಾಲ್ಕನೆಯದು ಇರಬೇಕಾದ ಕಡೆ ಇಟ್ಟಿಗೆ ಚೂರಿನ ರಾಶಿ. ಪಕ್ಕದ ಮನೆ ಕೆಲಸಕ್ಕೆ ಬಂದಿದ್ದ ಒಬ್ಬರು ಸಲಾಕೆ ಹಿಡಿದು ಕೆದಕಿದರು. ಮೊಣಕಾಲುದ್ದ ಅಗೆದ ಮೇಲೆ ಸಲಾಕೆ ಟಣ್ ಅಂತು. “ಇಲ್ಲೈತಿ ನೋಡ್ರಿ ಸಾರ್” ಅಂತ ಕೂಗಿದರು. ಎರೆ ಮಣ್ಣಲ್ಲಿ ಓರೆಯಾಗಿ ಹೂತುಹೋಗಿದ್ದ ಕಲ್ಲು. ಸರ್ವೇಯರ್ ಅದನ್ನು ಒರೆಸಿ ಕೆಂಪು ಬಣ್ಣ ಹಚ್ಚಿದರು. ಅಲ್ಲಿಂದ ಟೇಪು ಎಳೆದಾಗ ಪೂರ್ವದ ಕಾಂಪೌಂಡು ಏಳು ಅಡಿ ಒಳಗೆ ಇತ್ತು. 120 ಅಡಿ ಉದ್ದಕ್ಕೂ ಏಳು ಅಡಿ. 840 ಚದರ ಅಡಿ.

ಆ ಮನೆಯ ಈಗಿನ ಮಾಲೀಕರು ಗೋಡೆ ಕಟ್ಟಿದವರಲ್ಲ. ಗೋಡೆ ಸಮೇತ ಮನೆ ಕೊಂಡವರು. ಕೊಳ್ಳುವಾಗ ಅಳತೆ ಮಾಡಿಸಿರಲಿಲ್ಲ. ಅವರ ಸಂಕಟ ನನಗೆ ಅರ್ಥವಾಗುತ್ತದೆ. ಆದರೂ ಅವರ ಪತ್ರದಲ್ಲಿ ಇರುವ ಚಕ್ಕುಬಂದಿಯಲ್ಲೇ ‘ಪಶ್ಚಿಮಕ್ಕೆ ಪಾರ್ಕು’ ಅಂತ ಇದೆ. ನೋಟಿಸ್ ಹೋಗಿದೆ, ಅವರು ತಕರಾರು ಸಲ್ಲಿಸಿದ್ದಾರೆ. ವಿಚಾರಣೆ ಬಾಕಿ ಇರುವುದು ಇದೇ.

ಪಾರ್ಕು ಆದ ಮೇಲೆ

ಜಾಲರಿ ಬೇಲಿ, ಗೇಟು, ನಡೆಯಲು ದಾರಿ, ಒಂದು ಬೋರ್‌ವೆಲ್ ಬಂದಿವೆ. ಗಿಡದ ವಿಷಯದಲ್ಲಿ ಒಂದು ವಾದ ಆಯಿತು. ಕೆಲವರಿಗೆ ಹುಲ್ಲುಹಾಸು ಬೇಕಿತ್ತು. ನೋಡಲು ಚೆಂದ ನಿಜ. ಆದರೆ ದಾವಣಗೆರೆಯ ಏಪ್ರಿಲ್ ನಮಗೆ ಗೊತ್ತಲ್ವಾ? ಭದ್ರಾ ನಾಲೆಯಲ್ಲಿ ನೀರು ನಿಂತಾಗ ಊರು ಕುಂದವಾಡ ಕೆರೆ, ಟಿವಿ ಸ್ಟೇಷನ್ ಕೆರೆಗಳ ನೀರನ್ನು ಅಳೆದು ಕುಡಿಯುತ್ತದೆ. ಅಂಥ ದಿನಗಳಲ್ಲಿ ಹುಲ್ಲಿಗೆ ನೀರು ಬಿಡುವುದು ಸರಿ ಅಲ್ಲ. ಬೋರು ಬತ್ತಿದರೆ ಹುಲ್ಲು ವಾರದಲ್ಲಿ ಒಣಗುತ್ತದೆ, ಪಾರ್ಕು ಮತ್ತೆ ಪಾಳು. ಹೊಂಗೆ, ಬೇವು, ನೇರಳೆ ಹಾಕಿಸಿದೆವು. ಹಳೇ ಬೇವಿನ ಮರ ಹಾಗೇ ಉಳಿಯಿತು.

ಗುತ್ತಿಗೆದಾರರ ನಿರ್ವಹಣೆ ಅವಧಿ ಮುಗಿದ ಮೇಲೆ ಏನು ಅನ್ನುವುದು ಎಲ್ಲ ಪಾರ್ಕಿನ ಸಮಸ್ಯೆ. ಒಬ್ಬ ಮಾಲಿಗೆ ಹಲವು ಪಾರ್ಕು ಇರುತ್ತವೆ. ನಮ್ಮಲ್ಲಿ ಗಿಡಕ್ಕೆ ನೀರು ಬಿಡುವುದನ್ನು ಸುತ್ತಲಿನ ಮನೆಯವರು ಹಂಚಿಕೊಂಡಿದ್ದಾರೆ. ಪಂಪಿನ ಕರೆಂಟ್ ಬಿಲ್ಲು, ಗೇಟು, ದೊಡ್ಡ ದುರಸ್ತಿ ಪಾಲಿಕೆಯದು. ಇದನ್ನು ಬಾಯಿಮಾತಲ್ಲಿ ಬಿಡದೆ ಬರೆದು ಇಟ್ಟುಕೊಂಡಿದ್ದೇವೆ. ಗಣಪತಿ ಹಬ್ಬಕ್ಕೆ ಪೆಂಡಾಲ್ ಹಾಕಬಹುದು, ಅನುಮತಿ ತೆಗೆದುಕೊಂಡು. ಗುಂಡಿ ತೋಡಿದವರೇ ಮುಚ್ಚಿಕೊಡಬೇಕು.

ಈಗ ಬಾಕಿ ಇರುವುದು ಮೂರು. ಏಳು ಅಡಿಯ ವಿಚಾರಣೆ. ಸಿ.ಎ. ಸೈಟಿಗೆ ಭವನದವರ ಅರ್ಜಿ. ಮತ್ತು 1985ರ ಕಾಯ್ದೆಯ ಪಟ್ಟಿಗೆ ಪಾರ್ಕನ್ನು ಸೇರಿಸಬೇಕು ಅಂತ ಪಾಲಿಕೆಗೆ ಕೊಟ್ಟಿರುವ ಮನವಿ. ಮೂರನೆಯದು ಆಗುವವರೆಗೆ ನಿಲ್ಲುವಂತಿಲ್ಲ ಅಂತ ಬಡಾವಣೆಯ ಸಭೆಯಲ್ಲಿ ಒಪ್ಪಿದ್ದೇವೆ. ನೋಂದಣಿ ಪತ್ರ, ಖಾತೆ, ಸರ್ವೆ ನಕ್ಷೆ ಇವುಗಳ ಪ್ರತಿಯನ್ನು ಮೂರು ಮನೆಗಳಲ್ಲಿ ಇಟ್ಟಿದ್ದೇವೆ. ಅದರಲ್ಲಿ ಒಂದು ಭವನ ಕೇಳಿದ್ದ ಆ ಹಿರಿಯರ ಮನೆ.